ಮಟ್ಟು ಹಾಕಿದವರು ಯಾರು?

ಸಹಿ ಹಾಕುವ ಮುಂಚೆ ಎರಡು ದಿನ ಟೈಮು ಕೇಳಮ್ಮ. ಕೊಡುವುದಿಲ್ಲ ಅಂದರೆ ಆ ಕಂಪನಿಯ ಬಗ್ಗೆ ತಿಳಿಯಬೇಕಾದ್ದು ಅಲ್ಲಿಗೇ ತಿಳಿದ ಹಾಗಾಯಿತು.

ನಿಮ್ಮ ತಂಡದ ನಾಟಕಕ್ಕೆ ನೀನು ಮಟ್ಟು ಹಾಕಿದ ಹಾಡುಗಳನ್ನು ಯಾರೋ ಒಟ್ಟಿಗೆ ಕೊಂಡುಕೊಳ್ಳುತ್ತಾರಂತೆ, ಒಂದೇ ಗಂಟಿನಲ್ಲಿ ದುಡ್ಡು ಕೊಡುತ್ತಾರಂತೆ, ಆಮೇಲೆ ಆ ಹಾಡುಗಳು ಎಲ್ಲರ ಮೊಬೈಲಿನಲ್ಲೂ ಕೇಳಿಸುತ್ತವಂತೆ. ನಿಮ್ಮಮ್ಮ ಖುಷಿಯಲ್ಲಿ ಬಂದು ಹೇಳಿದಳು. ನನಗೂ ಖುಷಿಯೇ. ಓದು ಮುಗಿಯುವ ಮುಂಚೆಯೇ ಹಾಡು ಕಟ್ಟಿ ದುಡ್ಡು ಎಣಿಸಿದವರು ನಮ್ಮ ಜೋಗುಪಾಳ್ಯದಲ್ಲಿ ನಾನಂತೂ ಕಂಡಿಲ್ಲ. ಆದರೂ ಈ ತಾತನ ಮಾತು ಸ್ವಲ್ಪ ಕೇಳಿಸಿಕೋ. ನಾನು ವಕೀಲನಲ್ಲ, ವಿದ್ವಾಂಸನೂ ಅಲ್ಲ. ಹಗಲು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು, ಸಂಜೆ ಅಲ್ಲಿನ ಲಲಿತಕಲಾ ಸಂಘದ ನಾಟಕಗಳಿಗೆ ಹಾರ್ಮೋನಿಯಂ ಹಿಡಿದವನು. ನಾಟಕದ ಹಾಡು ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಯಾರ ಪಾಲಾಗುತ್ತದೆ ಅನ್ನುವುದನ್ನು ಮಾತ್ರ ಹತ್ತಿರದಿಂದ ಬಲ್ಲೆ.

ಮೊದಲು ನಮ್ಮ ಕಡೆಯದೇ ಸಂಗತಿ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಚಿಕ್ಕ ಹುಡುಗನಾಗಿ ಅದರೊಳಗೆ ಹೋದ ವೀರಣ್ಣನವರು ಮುಂದೆ ಅದರ ಯಜಮಾನರೇ ಆಗಿ, ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ನಿಲ್ಲಿಸಿದರು. ಆ ಕಾಲದ ಕಂಪನಿ ನಾಟಕದಲ್ಲಿ ಮಾತಿಗಿಂತ ಹಾಡು ಜಾಸ್ತಿ. ರಾಜ ಬಂದರೆ ಹಾಡು, ರಾಣಿ ಅತ್ತರೆ ಹಾಡು, ಸಾಯುವ ಮುಂಚೆಯೂ ಹಾಡು. ಜನ ‘ಒನ್ಸ್ ಮೋರ್’ ಅಂದರೆ ಸತ್ತವನು ಎದ್ದು ಕೂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಪಕ್ಕದಲ್ಲಿ ಕಾಲು ಹಾರ್ಮೋನಿಯಂ ತುಳಿಯುತ್ತ ಕೂತ ಮೇಷ್ಟ್ರು ಇಡೀ ರಾತ್ರಿಯನ್ನು ನಡೆಸುತ್ತಿದ್ದರು. ನಟನ ಶ್ರುತಿ ಇಳಿದರೆ ಎತ್ತುವವರು ಅವರು. ಮಾತು ಮರೆತವನಿಗೆ ಒಂದು ಸುತ್ತು ಸ್ವರ ಬಿಟ್ಟು ಸಮಯ ಕೊಡುವವರು ಅವರು. ಹೊಸ ಪದಕ್ಕೆ ಮಟ್ಟು ಹೊಂದಿಸುವವರೂ ಅವರೇ.

ಆ ಮಟ್ಟು ಎಲ್ಲ ಕಡೆಯಿಂದಲೂ ಬರುತ್ತಿತ್ತು. ತ್ಯಾಗರಾಜರ ಕೀರ್ತನೆ, ಪಾರ್ಸಿ ಕಂಪನಿಯ ಗಜಲು, ಲಾವಣಿ, ಮರಾಠಿ ನಾಟ್ಯಗೀತೆ, ಆಮೇಲೆ ಹಿಂದಿ ಸಿನಿಮಾ. 1880ರಲ್ಲಿ ‘ಶಾಕುಂತಲ’ ಆಡಿ ಮರಾಠಿ ಸಂಗೀತ ನಾಟಕವನ್ನು ಎತ್ತಿ ನಿಲ್ಲಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹಾಗಾಗಿ ಯಾರು ಯಾರಿಂದ ತಂದರು ಎಂದು ಜಗಳಕ್ಕೆ ಕೂತರೆ ಅದು ಮುಗಿಯುವುದಿಲ್ಲ. ತಂದದ್ದು ತಪ್ಪು ಅಂತ ನಾನೂ ಹೇಳುವುದಿಲ್ಲ. ನಮ್ಮ ಬೀದಿ ದಾಟುವಷ್ಟರಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಎಲ್ಲ ಕಿವಿಗೆ ಬೀಳುತ್ತವೆ. ಹಲಸೂರು ಸೋಮೇಶ್ವರನ ಪಲ್ಲಕ್ಕಿ ಹಬ್ಬದಲ್ಲಿ ನಾಗಸ್ವರ, ತಮಟೆ, ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ ಒಂದರ ಹಿಂದೊಂದು ಸಾಗುತ್ತವೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ ಕಿವಿ ನಿನ್ನದು. ಅವೆಲ್ಲ ನಿನ್ನ ಹಾಡಿನೊಳಗೆ ಬಂದಿವೆ, ಇನ್ನೂ ಬರಲಿ.

ನನ್ನ ತಕರಾರು ಬೇರೆ. ಕಂಪನಿ ನಾಟಕಗಳ ಹಾಡಿನ ಪುಸ್ತಕ ಮಾರಾಟಕ್ಕಿರುತ್ತಿತ್ತು. ಹಾಡಿನ ತಲೆಯ ಮೇಲೆ ರಾಗ, ತಾಳ, ಆಮೇಲೆ ಇಂಥ ಹಾಡಿನಂತೆ ಹಾಡಿಕೊಳ್ಳತಕ್ಕದ್ದು ಎಂಬ ಸೂಚನೆ. ಮಟ್ಟನ್ನು ಎಲ್ಲಿಂದ ತಂದರೋ ಆ ಹಾಡಿನ ಗುರುತು ಅಚ್ಚಾಗುತ್ತಿತ್ತು. ತಂದು, ತಿರುಚಿ, ಕನ್ನಡದ ಬಾಯಿಗೆ ಹೊಂದಿಸಿದವನ ಗುರುತಿಗೆ ಜಾಗವಿರಲಿಲ್ಲ. ಪದ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರು ಉಳಿಯಿತು. ಹಾಡಿದ ಬಿ. ಜಯಮ್ಮನವರ ಹೆಸರು ಉಳಿಯಿತು. ಯಜಮಾನರ ಹೆಸರಂತೂ ಊರಿನ ಹೆಸರಿನೊಂದಿಗೇ ಸೇರಿಹೋಯಿತು. ಇವರನ್ನೆಲ್ಲ ಒಂದು ಶ್ರುತಿಗೆ ತಂದ ಪೆಟ್ಟಿಗೆ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಬರೀ ‘ಮೇಷ್ಟ್ರು’ ಆಗಿಯೇ ಹೋದರು. ಅವರ ಕೈ ರೇಡಿಯೋದಲ್ಲಾದರೂ ಉಳಿಯಿತೇ ಅಂದರೆ ಅದೂ ಇಲ್ಲ. ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಬಾಗಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಗಮಕ ನುಡಿಯುವುದಿಲ್ಲ, ನಮ್ಮ ವಾದ್ಯವಲ್ಲ ಎಂಬ ಕಾರಣ. ಅದೇ ಪೆಟ್ಟಿಗೆಯ ಮೇಲೆ ಊರೂರಿನ ಜನ ಹಾಡು ಕಲಿಯುತ್ತಿದ್ದರು ಅನ್ನುವುದು ಅವರಿಗೆ ಲೆಕ್ಕಕ್ಕೆ ಬರಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಗುಬ್ಬಿ ಕಂಪನಿ ಊರೂರು ಸುತ್ತುತ್ತಿದ್ದ ಅದೇ ಕಾಲಕ್ಕೆ ಅಮೆರಿಕದ ಮಿಸೌರಿ ರಾಜ್ಯದ ಸೆಡೇಲಿಯಾ ಎಂಬ ರೈಲ್ವೆ ಊರಿನಲ್ಲಿ ಸ್ಕಾಟ್ ಜಾಪ್ಲಿನ್ ಎಂಬ ಕಪ್ಪು ಜನಾಂಗದ ಪಿಯಾನೊ ವಾದಕನಿದ್ದ. ಅಪ್ಪ ಗುಲಾಮಗಿರಿಯಲ್ಲಿ ಇದ್ದು ಬಿಡುಗಡೆಯಾದವನು. ಹುಡುಗನ ಕೈ ನೋಡಿ, ಜರ್ಮನಿಯಿಂದ ಬಂದಿದ್ದ ಜೂಲಿಯಸ್ ವೈಸ್ ಎಂಬ ಮೇಷ್ಟ್ರು ಬಿಟ್ಟಿಯಾಗಿ ಪಾಠ ಹೇಳಿದರು. ಜಾಪ್ಲಿನ್ ಕಟ್ಟುತ್ತಿದ್ದದ್ದು ರ‍್ಯಾಗ್‌ಟೈಮ್. ಎಡಗೈ ಪೆರೇಡಿನ ಹೆಜ್ಜೆಯ ಲೆಕ್ಕದಲ್ಲಿ ತಪ್ಪದೆ ನಡೆಯುತ್ತದೆ, ಬಲಗೈ ಆ ಹೆಜ್ಜೆಗೆ ಸಿಗದೆ ಒಂದು ಕೂದಲು ಮುಂಚೆ, ಒಂದು ಕೂದಲು ಆಮೇಲೆ ಬೀಳುತ್ತದೆ. ನಿನ್ನ ಮೃದಂಗದ ಗುರುಗಳು ಅತೀತ, ಅನಾಗತ ಎಂದು ಹೇಳಿಕೊಟ್ಟದ್ದನ್ನು ನೆನೆಸಿಕೊಂಡು ಕೇಳು, ಬೇಗ ರುಚಿ ಹತ್ತುತ್ತದೆ.

1899ರಲ್ಲಿ ಅವನ ‘ಒರಿಜಿನಲ್ ರ‍್ಯಾಗ್ಸ್’ ಅಚ್ಚಾಯಿತು. ಮುಖಪುಟದಲ್ಲಿ ಜಾಪ್ಲಿನ್ ಹೆಸರೇನೋ ಇತ್ತು, ಆದರೆ ಅವನು ಎಲ್ಲಿಂದಲೋ ಆರಿಸಿ ತಂದವನು, ಹೊಂದಿಸಿ ಬರೆದವನು ಬೇರೊಬ್ಬ ಎಂಬ ಅರ್ಥ ಬರುವ ಹಾಗೆ ಇನ್ನೊಂದು ಹೆಸರೂ ಜತೆಗೆ ಕೂತಿತ್ತು. ಕಪ್ಪು ಸಂಗೀತಗಾರರ ಹಾಡನ್ನು ಕೆಲವೇ ಡಾಲರಿಗೆ ಸಾರಾಸಗಟು ಕೊಂಡುಬಿಡುವುದು ಆಗಿನ ವಾಡಿಕೆ. ಅದೇ ವರ್ಷ ಜಾಪ್ಲಿನ್ ತನ್ನ ‘ಮೇಪಲ್ ಲೀಫ್ ರ‍್ಯಾಗ್’ ಹಿಡಿದು ಜಾನ್ ಸ್ಟಾರ್ಕ್ ಎಂಬ ಸಂಗೀತದ ಅಂಗಡಿಯವನ ಹತ್ತಿರ ಹೋದ. ಈ ಸಲ ವಕೀಲನಿಂದ ಕಾಗದ ಬರೆಸಿದ. ಆಗಸ್ಟ್ 10ರ ಆ ಒಪ್ಪಂದದ ಪ್ರಕಾರ ಮಾರಾಟವಾದ ಒಂದೊಂದು ಪ್ರತಿಗೂ ಅವನಿಗೆ ಒಂದು ಸೆಂಟ್. ಬೆಲೆ 25 ಸೆಂಟಿಗಿಂತ ಕಡಿಮೆ ಮಾಡುವ ಹಾಗಿಲ್ಲ.

ಒಂದು ಸೆಂಟ್ ಅಂದರೆ ಚಿಲ್ಲರೆ ಕಾಸು. ಮೊದಲು ಅಚ್ಚು ಹಾಕಿದ 400 ಪ್ರತಿ ಖರ್ಚಾಗುವುದಕ್ಕೇ ಸುಮಾರು ಒಂದು ವರ್ಷ ಹಿಡಿಯಿತು. ಆ ವರ್ಷ ಅವನನ್ನು ನೋಡಿ ಎಷ್ಟು ಜನ ನಕ್ಕಿರಬೇಕು! ಹತ್ತು ವರ್ಷ ಕಳೆಯುವಷ್ಟರಲ್ಲಿ ಮಾರಾಟ ಐದು ಲಕ್ಷದ ಹತ್ತಿರ ಹೋಯಿತು. ಶ್ರೀಮಂತನಾಗಲಿಲ್ಲ, ಆದರೆ ಬದುಕಿದ್ದಷ್ಟು ಕಾಲ ಆ ಒಂದು ಹಾಡಿನಿಂದ ಕಾಸು ಬರುತ್ತಲೇ ಇತ್ತು. ಗಂಟು ದುಡ್ಡಿಗೆ ಕೊಟ್ಟಿದ್ದರೆ ಅದು ಒಂದು ಚಳಿಗಾಲಕ್ಕೆ ಮುಗಿದುಹೋಗುತ್ತಿತ್ತು.

ಅಷ್ಟು ಜಾಣನೂ ಎಡವಿದ ಅನ್ನುವುದನ್ನೂ ಕೇಳು. ಅವನ ಆಸೆ ಇದ್ದದ್ದು ರಂಗದ ಮೇಲೆ. 1903ರಲ್ಲಿ ‘ಎ ಗೆಸ್ಟ್ ಆಫ್ ಆನರ್’ ಎಂಬ ಸಂಗೀತ ನಾಟಕ ಕಟ್ಟಿ ತಂಡದ ಜತೆ ಊರೂರು ಹೊರಟ. ಕಾಪಿರೈಟಿಗೆ ಅರ್ಜಿಯನ್ನೂ ಹಾಕಿದ್ದ. ಆದರೆ ಅರ್ಜಿಯ ಜತೆ ಕೊಡಬೇಕಾದ ಪ್ರತಿ ಅಲ್ಲಿನ ಗ್ರಂಥಾಲಯಕ್ಕೆ ತಲುಪಲೇ ಇಲ್ಲ. ದುಡ್ಡಿಲ್ಲದೆ ತಂಡ ಒಡೆಯಿತು, ಬರೆದದ್ದು ಕಳೆದುಹೋಯಿತು, ಇವತ್ತಿನವರೆಗೂ ಅದರ ಒಂದು ಪುಟ ಯಾರಿಗೂ ಸಿಕ್ಕಿಲ್ಲ. ಆಮೇಲೆ ‘ಟ್ರೀಮೋನಿಷಾ’. ಅಕ್ಷರ ಕಲಿತ ಒಬ್ಬ ಹುಡುಗಿ ತನ್ನ ಜನರನ್ನು ಮಾಟ ಮಂತ್ರದ ಭಯದಿಂದ ಬಿಡಿಸುವ ಕಥೆ. ಯಾವ ಪ್ರಕಾಶಕನೂ ಮುಟ್ಟಲಿಲ್ಲ. 1911ರಲ್ಲಿ ತನ್ನದೇ ದುಡ್ಡಿನಲ್ಲಿ 230 ಪುಟದ ಪಿಯಾನೊ ಸ್ವರಪುಸ್ತಕ ಅಚ್ಚು ಹಾಕಿಸಿದ. 1915ರಲ್ಲಿ ಹಾರ್ಲೆಮ್‌ನಲ್ಲಿ ಪರದೆಯಿಲ್ಲದೆ, ವಾದ್ಯವೃಂದವಿಲ್ಲದೆ, ತಾನೊಬ್ಬನೇ ಪಿಯಾನೊ ಬಾರಿಸಿ ಆಡಿಸಿ ನೋಡಿದ. ಜನ ಒಪ್ಪಲಿಲ್ಲ. 1917ರಲ್ಲಿ ತೀರಿಕೊಂಡ. 1972ರಲ್ಲಿ ಅಟ್ಲಾಂಟಾದಲ್ಲಿ ಅದೇ ನಾಟಕ ರಂಗಕ್ಕೆ ಬಂತು, ತೀರಿಹೋದವನಿಗೆ 1976ರಲ್ಲಿ ಪುಲಿಟ್ಜರ್ ಗೌರವ ಬಂತು. ಎರಡೂ ಒಬ್ಬನದೇ ಕೃತಿ. ಒಂದು ಮತ್ತೆ ರಂಗ ಹತ್ತಿತು, ಇನ್ನೊಂದು ಹತ್ತಲಾರದು. ಒಂದರ ಪುಸ್ತಕ ಉಳಿದಿತ್ತು, ಅಷ್ಟೇ.

ಜಾಹೀರಾತಿಗೆ ಮಾಡಿಕೊಟ್ಟ ಹಾಡಿಗೆ ನನ್ನ ಹೆಸರು ಹಾಕಬೇಡಿ, ಮರ್ಯಾದೆ ಹೋಗುತ್ತದೆ ಅಂತ ನೀನು ಹೇಳಿದ್ದೆಯಂತೆ. ಅದಕ್ಕೂ ಅಲ್ಲೊಂದು ಕಥೆಯಿದೆ. ವಿಲ್ ಮೇರಿಯನ್ ಕುಕ್ ಎಂಬಾತ ಬರ್ಲಿನ್‌ವರೆಗೆ ಹೋಗಿ ಪಿಟೀಲು ಕಲಿತು ಬಂದವನು. ಕಪ್ಪು ಪಿಟೀಲುಗಾರನಿಗೆ ದೊಡ್ಡ ಸಭೆಗಳಲ್ಲಿ ಜಾಗ ಎಲ್ಲಿ? ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಜತೆ ಕೂತು ‘ಕ್ಲೊರಿಂಡಿ’ ಎಂಬ ಹಾಡು ಕುಣಿತದ ಪ್ರದರ್ಶನ ಕಟ್ಟಿದ. ಬಿಳಿಯರನ್ನು ನಗಿಸಲು ಕಪ್ಪು ಜನರನ್ನೇ ಹೀನಾಯವಾಗಿ ಆಡಿಕೊಳ್ಳುವ ಹಾಡುಗಳಿಗೆ ಆಗ ಭಾರಿ ಬೇಡಿಕೆ, ಇದರ ಹಾಡುಗಳೂ ಆ ಅಚ್ಚಿನಲ್ಲೇ ಇದ್ದವು. ಮಗ ಅಭ್ಯಾಸ ಮಾಡುವುದನ್ನು ಕೇಳಿದ ತಾಯಿ, ಇದಕ್ಕಾ ನಿನ್ನನ್ನು ಅಷ್ಟು ದೂರ ಓದಲು ಕಳಿಸಿದ್ದು ಎಂದು ಅತ್ತುಬಿಟ್ಟಳಂತೆ. ಹಾಡು ಅಚ್ಚಾಗುವಾಗ ಅವನು ಕುಕ್ ಎಂಬ ಮನೆತನದ ಹೆಸರನ್ನು ಬಿಟ್ಟು ‘ವಿಲ್ ಮೇರಿಯನ್’ ಎಂದಷ್ಟೇ ಹಾಕಿದ. 1898ರಲ್ಲಿ ನ್ಯೂಯಾರ್ಕಿನ ಕ್ಯಾಸಿನೊ ಥಿಯೇಟರಿನ ತಾರಸಿಯ ಮೇಲೆ ಆ ಪ್ರದರ್ಶನ ಭರ್ಜರಿಯಾಗಿ ಗೆದ್ದಿತು. ಐದು ವರ್ಷದ ಮೇಲೆ ಅವನ ‘ಇನ್ ಡಹೋಮಿ’ ಬ್ರಾಡ್‌ವೇ ಹತ್ತಿ, ಲಂಡನ್ನಿಗೆ ಹೋಗಿ, ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿತು. ಅದರಲ್ಲೂ ಮುಖ್ಯ ಹಾಸ್ಯನಟ ಬರ್ಟ್ ವಿಲಿಯಮ್ಸ್, ಸ್ವತಃ ಕಪ್ಪು ಜನಾಂಗದವನು, ಮುಖಕ್ಕೆ ಮಸಿ ಬಳಿದುಕೊಂಡೇ ರಂಗಕ್ಕೆ ಬರಬೇಕಿತ್ತು.

ಆ ತಾಯಿ ಸರಿಯೋ, ಆ ಮಗ ಸರಿಯೋ ಹೇಳುವುದು ಕಷ್ಟ. ಅವನ ಹೊಟ್ಟೆಪಾಡು ನಮಗೆ ಗೊತ್ತಿಲ್ಲವೇ? ಆದರೆ ನಿನಗೆ ಇಷ್ಟು ಹೇಳಬಲ್ಲೆ: ನಾಚಿಕೆಯಾಗುವ ಕೆಲಸ ಅನ್ನಿಸಿದರೆ ಒಪ್ಪಿಕೊಳ್ಳಬೇಡ. ಒಪ್ಪಿಕೊಂಡು ಮಾಡಿದ ಮೇಲೆ ಪೂರ್ತಿ ಹೆಸರು ಹಾಕಿಸು. ಸೋಪಿನ ಜಾಹೀರಾತಾದರೂ ಸರಿ. ಹೆಸರಿಲ್ಲದ ಹಾಡಿಗೆ ಅಪ್ಪ ಅಮ್ಮನಾಗಲು ಜನ ತಾನಾಗಿ ಹುಟ್ಟಿಕೊಳ್ಳುತ್ತಾರೆ.

ಇದಕ್ಕೆಲ್ಲ ನೀನು ಬಿ.ವಿ. ಕಾರಂತರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುತ್ತೀಯ, ಗೊತ್ತು. ನಿಮ್ಮ ತಂಡದಲ್ಲಿ ಅವರ ಫೋಟೋ ಇಟ್ಟುಕೊಂಡಿದ್ದೀರಿ. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ್ದು, ವೀರಣ್ಣನವರೇ ಅವರನ್ನು ಓದಲು ಬನಾರಸ್ಸಿಗೆ ಕಳಿಸಿದ್ದು, ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತದ್ದು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಮುಂದೆ ಅದರ ನಿರ್ದೇಶಕರೇ ಆದದ್ದು ಎಲ್ಲ ನಿನಗೆ ಬಾಯಿಪಾಠ. ಕಂಪನಿಯ ಮೇಷ್ಟ್ರುಗಳ ವಿದ್ಯೆ ಹೊಸ ನಾಟಕಕ್ಕೆ ದಾಟಿ ಬಂದದ್ದರಲ್ಲಿ ಅವರಷ್ಟು ದೊಡ್ಡ ಪಾಲು ಇನ್ನೊಬ್ಬರದಿಲ್ಲ. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಇವುಗಳ ಹಾಡು ಮೇಜಿನ ಮುಂದೆ ಕೂತು ಬರೆದವಲ್ಲ. ತಾಲೀಮಿನ ನಡುವೆ, ನಟರ ಬಾಯಿಂದಲೇ, ಸಿಕ್ಕಿದ ತಟ್ಟೆ, ಕೋಲು, ಕಲ್ಲು ಬಡಿದು ಹುಟ್ಟಿದವು. ಸಿನಿಮಾದಲ್ಲೂ ಹಾಗೆ. ‘ಋಷ್ಯಶೃಂಗ’ಕ್ಕೂ ‘ಘಟಶ್ರಾದ್ಧ’ಕ್ಕೂ ಒಂದರ ಹಿಂದೆ ಒಂದು ವರ್ಷ ರಾಷ್ಟ್ರಪ್ರಶಸ್ತಿ ಬಂದಾಗ, ಇಷ್ಟು ಕಡಿಮೆ ವಾದ್ಯದಲ್ಲಿ ಇಷ್ಟು ಸಂಗೀತವೇ ಎಂದು ನಮ್ಮ ಸಂಘದಲ್ಲಿ ಅದೇ ಮಾತು.

ಅವರು ಈ ಸೆಂಟು ಕಾಸಿನ ಲೆಕ್ಕದ ಮನುಷ್ಯರಲ್ಲ, ಒಪ್ಪಿದೆ. ಅವರ ‘ಬೆನಕ’ ತಂಡದ ನಟರು ಗಂಟಲಿನಲ್ಲಿ ಹೊತ್ತು ತಂದದ್ದರಿಂದ ಅವರ ಎಷ್ಟೋ ಹಾಡು ಇವತ್ತಿಗೂ ಕೇಳಿಸುತ್ತಿವೆ. 2002ರಲ್ಲಿ ಅವರು ಹೋದ ಮೇಲೆ ‘ಕಾರಂತರ ರಂಗಗೀತೆ’ ಎಂದೇ ಕಾರ್ಯಕ್ರಮಗಳಾಗುತ್ತಿವೆ. ಅವರ ಬದುಕಿನ ಕಥೆಯೂ ಪುಸ್ತಕವಾಗಿ ಉಳಿದದ್ದು ವೈದೇಹಿಯವರು ಎದುರು ಕೂತು ಕೇಳಿ ಬರೆದುಕೊಂಡದ್ದರಿಂದ. ಅಂದರೆ ಅವರು ಎತ್ತಿಡದೆ ಬಿಟ್ಟದ್ದನ್ನು ಬೇರೆಯವರು ಎತ್ತಿಟ್ಟರು. ನಾಟಕ ಶಾಲೆ, ಭೋಪಾಲದ ರಂಗಮಂಡಲ, ಮೈಸೂರಿನ ರಂಗಾಯಣ ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಸಂಸ್ಥೆ ಅವರ ಬೆನ್ನಿಗಿತ್ತು, ಸುತ್ತ ಶಿಷ್ಯರ ದಂಡಿತ್ತು. ನಿನ್ನ ಬೆನ್ನಿಗೆ ಇರುವುದು ನಿಮ್ಮಮ್ಮ, ಆ ಲ್ಯಾಪ್‌ಟಾಪು, ನಾನು. ಅವರ ಕಿವಿಯನ್ನು ಅನುಕರಿಸು, ಅವರ ಅಲಕ್ಷ್ಯವನ್ನಲ್ಲ.

ಇನ್ನು ಕಾನೂನು. ಬೇಜಾರಿನ ಭಾಗ ಅಂದುಕೊಳ್ಳಬೇಡ, ಕಥೆಯ ತಿರುಳು ಇಲ್ಲೇ ಇದೆ. ನಮ್ಮ ಕಾಪಿರೈಟ್ ಕಾನೂನು 1957ರದು. ಸಂಗೀತ ಕೃತಿ ಅಂದರೆ ಅಚ್ಚಾಗಿರಬೇಕು ಇಲ್ಲವೇ ಬರಹಕ್ಕೆ ಇಳಿದಿರಬೇಕು ಅನ್ನುವುದು ಅದರ ಮೂಲ ವ್ಯಾಖ್ಯೆ. ಬಾಯಿಂದ ಬಾಯಿಗೆ, ಬೆರಳಿಂದ ಬೆರಳಿಗೆ ಹೋದ ಮಟ್ಟಿಗೆ ಆ ಕಾನೂನಿನ ಕಣ್ಣಲ್ಲಿ ರೂಪವೇ ಇರಲಿಲ್ಲ. ನಮ್ಮ ದೇಶದ ಸಂಗೀತವೆಲ್ಲ ಬಾಯಲ್ಲೇ ಇರುವಾಗ ಇಂಥ ಮಾತು ಬರೆದವರು ಯಾವ ಕಛೇರಿ ಕೇಳಿದ್ದರೋ ಕಾಣೆ. 1994ರ ತಿದ್ದುಪಡಿಯಲ್ಲಿ ಆ ಷರತ್ತು ಹೋಯಿತು. ಸ್ವರ ಹಾಕಿ ಬರೆದಿರಲಿ, ಬಿಡಲಿ, ಸಂಗೀತ ಸಂಗೀತವೇ ಎಂದಾಯಿತು. ಕಂಪನಿ ನಾಟಕದ ಮೇಷ್ಟ್ರುಗಳ ಪೈಕಿ ಆ ಹೊತ್ತಿಗೆ ಎಷ್ಟು ಜನ ಬದುಕಿದ್ದರು ಹೇಳು!

ಸಿನಿಮಾ ಹಾಡಿನ ಮಾತು ಬೇರೆ. 1977ರಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕ ದುಡ್ಡು ಕೊಟ್ಟು ಮಾಡಿಸಿಕೊಂಡ ಹಾಡಿನ ಮೇಲೆ, ಬೇರೆ ಕರಾರು ಇಲ್ಲದಿದ್ದರೆ, ಅವನದೇ ಹಕ್ಕು ಎಂದಿತು. 2012ರಲ್ಲಿ ಕಾನೂನು ಮತ್ತೆ ಬದಲಾಯಿತು. ಹಾಡನ್ನು ಮಾರಿದರೂ ರಾಯಲ್ಟಿಯ ಸಮಪಾಲನ್ನು ಪಡೆಯುವ ಹಕ್ಕನ್ನು ಪದ ಬರೆದವರಾಗಲಿ ಮಟ್ಟು ಹಾಕಿದವರಾಗಲಿ ಬಿಟ್ಟುಕೊಡುವ ಹಾಗಿಲ್ಲ. ವಾರಸುದಾರರಿಗೆ ಇಲ್ಲವೇ ಹಕ್ಕು ವಸೂಲಿ ಮಾಡುವ ಸಂಘಕ್ಕೆ ಮಾತ್ರ ಕೊಡಬಹುದು. ಸಿನಿಮಾದ ಹಾಡಾದರೆ ಚಿತ್ರಮಂದಿರದಲ್ಲಿ ಚಿತ್ರದ ಜತೆ ಕೇಳಿಸುವುದೊಂದನ್ನು ಬಿಟ್ಟು ಉಳಿದ ಕಡೆಯದಕ್ಕೆಲ್ಲ ಈ ಪಾಲುಂಟು. ಇದಕ್ಕೆ ವಿರುದ್ಧವಾಗಿ ಬರೆಸಿಕೊಂಡ ಕರಾರು ನಿಲ್ಲುವುದಿಲ್ಲ. ಹಾಡಿನ ಹಕ್ಕು ನಿನ್ನ ಆಯುಷ್ಯ ಪೂರ್ತಿ, ಆಮೇಲೆ 60 ವರ್ಷ. ಎಷ್ಟು ವರ್ಷಕ್ಕೆ ಕೊಟ್ಟೆ ಎಂದು ಕಾಗದದಲ್ಲಿ ಬರೆದಿಲ್ಲ ಅಂದರೆ ಐದೇ ವರ್ಷ, ಎಲ್ಲಿಗೆ ಎಂದು ಬರೆದಿಲ್ಲ ಅಂದರೆ ಭಾರತ ಮಾತ್ರ. ಅದಕ್ಕೇ ಜಾಣ ಕಂಪನಿಯವರು ‘ಶಾಶ್ವತವಾಗಿ, ಲೋಕದಾದ್ಯಂತ’ ಎಂದು ಮರೆಯದೆ ಬರೆಸಿರುತ್ತಾರೆ. ಆ ಎರಡು ಮಾತು ಎಲ್ಲಿವೆ ಅಂತ ಮೊದಲು ಹುಡುಕು. ನಿನ್ನನ್ನು ಸಂಬಳದ ಕೆಲಸದವಳು ಎಂದು ಬರೆದಿದ್ದಾರೆಯೇ ಅದನ್ನೂ ನೋಡು. ಕೆಲಸದವಳು ಅಂತಾದರೆ ಹಕ್ಕು ಸಾಧಾರಣವಾಗಿ ಧಣಿಯದು.

ಇನ್ನೊಂದು ಕಲಮು ಇದ್ದೇ ಇರುತ್ತದೆ: ಇದರಲ್ಲಿರುವುದೆಲ್ಲ ನನ್ನದೇ ಸ್ವಂತ, ತಕರಾರು ಬಂದರೆ ನಾನೇ ಹೊಣೆ ಅಂತ. ನಿನ್ನ ಎರಡನೇ ಹಾಡಿನಲ್ಲಿ ಹಳೆಯ ಸಿನಿಮಾ ಹಾಡಿನ ಕ್ಲಾರಿನೆಟ್ ತುಣುಕು ಕತ್ತರಿಸಿ ಹಾಕಿದ್ದೀಯಲ್ಲ, ಅದಕ್ಕೆ ಅನುಮತಿ ತಗೋ, ಇಲ್ಲವೇ ತೆಗೆದು ನೀನೇ ಹೊಸದಾಗಿ ನುಡಿಸು. ಮೇಷ್ಟ್ರುಗಳ ಕಾಲದ ಸಲಿಗೆ ಈಗ ನಡೆಯುವುದಿಲ್ಲ.

ಪ್ರತಿ ಹಾಡನ್ನೂ ಸ್ವರ ಹಾಕಿ ಕಾಗದಕ್ಕೆ ಇಳಿಸು. ಬರೆಯದಿದ್ದರೂ ಹಕ್ಕಿದೆ, ಬರೆದಿದ್ದರೆ ರುಜುವಾತಿದೆ. ತಾರೀಕು ಹಾಕು, ಲ್ಯಾಪ್‌ಟಾಪಿನ ಮೂಲ ಫೈಲುಗಳ ಒಂದು ಪ್ರತಿ ಬೇರೆ ಮನೆಯಲ್ಲಿ ಇರಲಿ. ನಮ್ಮ ಬೀರುವಿನಲ್ಲಿ ಜಾಗವಿದೆ.

ಕೊನೆಯದಾಗಿ ಆ ಮೂರನೇ ಹಾಡು. ನಾಟಕದ ದಿನ ಜನ ಎದ್ದು ನಿಂತದ್ದು ಆ ಹಾಡಿಗೆ. ಅದರ ಪದ ನಿನ್ನ ಗೆಳತಿಯದು, ಮಟ್ಟು ನಿನ್ನದು, ಸರಿ. ಆದರೆ ನಡುವೆ ಹಾಡು ನಿಂತು ತಮಟೆ ಒಂದೇ ಮಾತಾಡುತ್ತದಲ್ಲ, ಆ ಲೆಕ್ಕ ಹಾಕಿದವನು ಹಿಂದಿನ ಬೀದಿಯ ಹುಡುಗ. ನೀನು ಹೇಳಿಕೊಟ್ಟದ್ದಲ್ಲ, ಅವನೇ ಕಟ್ಟಿಕೊಂಡು ಬಂದದ್ದು. ತಮಟೆ ಬಡಿಯುವವರ ಹೆಸರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಯಾಕಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನುಡಿಸಿದವರಿಗೂ ಕಾನೂನಿನಲ್ಲಿ ಬೇರೆಯದೇ ಹಕ್ಕಿದೆ. ಅವನು ಬರೀ ನುಡಿಸಿದವನೂ ಅಲ್ಲ. ಆ ಕಾಗದದಲ್ಲಿ ಅವನ ಹೆಸರು ಎಲ್ಲಿದೆ? ನಿಮ್ಮ ನಾಟಕದ ಕರಪತ್ರದಲ್ಲಿ ‘ಮತ್ತು ತಂಡ’ ಎಂದಷ್ಟೇ ಇತ್ತು, ನಾನು ನೋಡಿದೆ.

ಭಾನುವಾರ ಹತ್ತು ಗಂಟೆಗೆ ಕಾಗದ ತಗೊಂಡು ಬಾ. ಅವನನ್ನೂ ಪದ ಬರೆದ ಹುಡುಗಿಯನ್ನೂ ಕರೆದುಕೊಂಡು ಬಾ. ಮೂರು ಜನ ಕೂತು ಯಾರ ಪಾಲು ಎಷ್ಟು ಅಂತ ಮೊದಲು ನಿಮ್ಮೊಳಗೆ ಬರೆದುಕೊಳ್ಳಿ, ಮೂವರೂ ಸಹಿ ಹಾಕಿ. ಆಮೇಲೆ ಅವರ ಇಂಗ್ಲಿಷ್ ಕಾಗದ ಬಿಚ್ಚೋಣ. ಎದುರು ಮನೆ ವಕೀಲಮ್ಮನಿಗೆ ಹೇಳಿಟ್ಟಿದ್ದೇನೆ, ಅವರೂ ಬರುತ್ತಾರೆ. ಫೀಸು ಎಷ್ಟಾಗುತ್ತದೋ ನೀನೇ ಕೇಳಿ ಕೊಡು, ಅವರದ್ದೂ ಕೆಲಸವೇ.